ಐರಿಷ್ ಮಾಮನಿಗೆ ಮೈಸೂರು ಪೇಟ

ಮೈಸೂರು ಪೇಟ ಯಾವ ತಲೆಗಾದರೂ ಒಪ್ಪುತ್ತದೆ ಎನ್ನುವವರು ನಮ್ಮ ಮಾಮನ ತಲೆ ನೋಡಿಲ್ಲ. ಟೊಮೇಟೊ ಹಣ್ಣಿನಂಥ ಮುಖ, ಕಿವಿಯ ಮೇಲೆ ಮಾತ್ರ ಉಳಿದ ಬಿಳಿ ಕೂದಲು, ಬಾಗಿಲಲ್ಲಿ ಬಗ್ಗಿಯೇ ಬರಬೇಕಾದ ಎತ್ತರ. ಅದರ ಮೇಲೆ ಜರಿಯ ಪೇಟ ಇಟ್ಟರೆ ಎಡಕ್ಕೆ ವಾಲಿ, ಕಿವಿ ತಡೆದದ್ದರಿಂದ ಅಲ್ಲೇ ನಿಂತಿತು. ಆ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ನೋಡಿದಾಗಲೆಲ್ಲ ಮೊದಲು ನಗು ಬರುತ್ತದೆ, ಆಮೇಲೆ ಅಬ್ಬಾ, ಬದುಕಿದೆವು ಎಂಬ ಉಸಿರು. ಏಕೆಂದರೆ ಆ ಪೇಟ ತೊಡಿಸಿದ ದಿನ ನಾವೆಲ್ಲ ಸೇರಿ, ಪ್ರೀತಿಯಿಂದ, ಹಾರ ಹಾಕಿ, ಆ ಮನುಷ್ಯ ತನ್ನ ಊರಿಗೆ ಹೋಗುವ ದಾರಿಯನ್ನೇ ಮುಚ್ಚಿಬಿಟ್ಟೆವು ಎಂದು ನಾನು ನಂಬಿದ್ದೆ.

ಕುವೈತಿನ ರಾಯ್‌ನಲ್ಲಿ ನಮ್ಮ ಕಂಪನಿಯ ಜನರೇಟರ್ ವರ್ಕ್‌ಶಾಪ್ ಇದೆ. ನಾನು ಮುಂದಿನ ಆಫೀಸಿನಲ್ಲಿ ಕೂರುತ್ತೇನೆ. ಗಿರಾಕಿಗಳಿಂದ ಫೋನಿನಲ್ಲಿ ಬೈಸಿಕೊಳ್ಳುವುದು ನನ್ನ ಕೆಲಸ, ಜನ ಕಳಿಸಿ ರಿಪೇರಿ ಮಾಡಿಸುವುದು ಮಾಮನ ಕೆಲಸ. ಸರ್ವಿಸ್ ಮ್ಯಾನೇಜರ್ ಅವರು, ಐರ್ಲೆಂಡಿನವರು. ನಮ್ಮ ಮೂಡಬಿದಿರೆ, ಸುರತ್ಕಲ್ ಕಡೆಯ ಮೆಕ್ಯಾನಿಕ್‌ಗಳು ಮೊದಲ ವಾರದಲ್ಲೇ ಅವರಿಗೆ ‘ಮಾಮ’ ಎಂದು ಹೆಸರಿಟ್ಟರು. ಅರ್ಥ ಕೇಳಿ ತಿಳಿದುಕೊಂಡು, ಆಗಲಿ, ಸರ್ ಎನ್ನುವುದಕ್ಕಿಂತ ಇದು ಚೆನ್ನಾಗಿದೆ ಎಂದರು. ತುಳುವಿನಲ್ಲಿ ಅವರಿಗೆ ಬರುತ್ತಿದ್ದದ್ದು ಒಂದೇ ವಾಕ್ಯ, ‘ಚಾ ಪರ್ಕನಾ?’ ಚಹಾ ಕುಡಿಯೋಣವೇ ಎಂದು. ಅದನ್ನು ಸಂತೋಷಕ್ಕೂ ಹೇಳುತ್ತಿದ್ದರು, ಜಗಳ ಬಿಡಿಸುವುದಕ್ಕೂ ಹೇಳುತ್ತಿದ್ದರು, ಯಾರದಾದರೂ ಮನೆಯಲ್ಲಿ ಸಾವಾದಾಗಲೂ ಪಕ್ಕದಲ್ಲಿ ಬಂದು ಕೂತು ಅದನ್ನೇ ಹೇಳುತ್ತಿದ್ದರು. ಚಹಾ ಮಾತ್ರ ನಮ್ಮವರದ್ದೇ ಜಾತಿ. ಕಡು ಕೆಂಪು, ಮೇಲೆ ಹಾಲು, ಕುದಿಕುದಿ ಇರಬೇಕು.

ಎಲ್ಲಿ ಹೋದರೂ ಹಿಂದೆ ನಿಲ್ಲುವುದು ಅವರ ಸ್ವಭಾವ. ಇಲ್ಲಿನ ನಮ್ಮ ಊರವರ ಸಂಘದ ಯಕ್ಷಗಾನಕ್ಕೆ, ಕ್ರೀಡಾಕೂಟಕ್ಕೆ ವರ್ಷವೂ ಜನರೇಟರ್ ತಂದು ನಡೆಸಿಕೊಟ್ಟವರು ಅವರೇ. ವೇದಿಕೆಗೆ ಕರೆದರೆ ಬರುತ್ತಿರಲಿಲ್ಲ. ಯಾವ ಆಲ್ಬಂ ತೆಗೆದರೂ ಅವರ ಒಂದು ಮೊಣಕೈ ಸಿಕ್ಕೀತು, ಮುಖ ಸಿಗದು. ಹಿಂದೆ ಏನು ಕೆಲಸದಲ್ಲಿದ್ದಿರಿ ಎಂದು ಯಾರಾದರೂ ಕೇಳಿದರೆ ಒಂದೇ ಉತ್ತರ: “ಇಂಗ್ಲೆಂಡಿನಲ್ಲಿ, ಲಾರಿಗಳ ಜೊತೆ.”

ಆ ಲಾರಿಗಳ ಕಥೆ ಒಡೆದದ್ದು ಒಂದು ಫೆಬ್ರವರಿಯಲ್ಲಿ, ಕುವೈತ್ ಇರಾಕಿನ ಹಿಡಿತದಿಂದ ಬಿಡುಗಡೆಯಾದ ದಿನದ ರಜೆಗೆ ಎರಡು ಮೂರು ದಿನ ಇರುವಾಗ. ನಮ್ಮ ಕಫೀಲ್, ಅಂದರೆ ಕಂಪನಿಯ ಕುವೈತಿ ಮಾಲೀಕ, ಆಫೀಸಿಗೆ ಬಂದವನೇ ನೇರ ಮಾಮನ ಹತ್ತಿರ ಹೋಗಿ ಹಣೆಗೆ ಮುತ್ತಿಟ್ಟ. ಮಾಮನ ಹಳೆಯ ಕಾಗದಪತ್ರಗಳಲ್ಲಿ ಏನೋ ಕಂಡಿದ್ದನಂತೆ. ಯುದ್ಧದ ಕಾಲದಲ್ಲಿ ಅವನು ಚಿಕ್ಕ ಹುಡುಗ. ಊರು ಬಿಡುಗಡೆಯಾದ ವಾರ ಸೈನಿಕರು ಟ್ಯಾಂಕರಿನಿಂದ ಬೀದಿಯಲ್ಲಿ ನೀರು ಕೊಟ್ಟದ್ದು ಅವನಿಗೆ ನೆನಪಿದೆಯಂತೆ. “ಈ ಮನುಷ್ಯ ಆಗ ಇಲ್ಲಿದ್ದ, ಬ್ರಿಟಿಷ್ ಸೈನ್ಯದಲ್ಲಿ! ನಮಗಾಗಿ ಬಂದಿದ್ದ!” ಎಂದು ನಮ್ಮೆಲ್ಲರ ಮುಂದೆ ಕೂಗಿ ಹೇಳಿದ. ಮಾಮನ ಮುಖದಲ್ಲಿದ್ದ ಕೆಂಪು ಅಷ್ಟೂ ಇಳಿದುಹೋಯಿತು. “ನಾನು ಬರೀ ಮೆಕ್ಯಾನಿಕ್ ಆಗಿದ್ದೆ” ಎಂದು ಗೊಣಗಿ, ಯಾವುದೋ ಸೈಟಿಗೆ ಹೋಗಬೇಕೆಂದು ಗಾಡಿ ಹತ್ತಿದರು.

ಮರುದಿನ ನಾನು ಸುಮ್ಮನಿರಬಹುದಿತ್ತು. ನನ್ನ ಬಾಯಿ ಎಲ್ಲಿ ಸುಮ್ಮನಿರುತ್ತದೆ? “ಎಂತ ಮಾಮ, ಯೋಧರು ಅಂತ ಹೇಳಿಕೊಳ್ಳಲಿಕ್ಕೆ ನಾಚಿಕೆಯಾ? ನಮ್ಮ ಊರಲ್ಲಾದರೆ ಬ್ಯಾಂಡ್ ತರಿಸ್ತಿದ್ದರು” ಎಂದೆ, ನನ್ನ ಮಂಗಳೂರು ಇಂಗ್ಲಿಷಿನಲ್ಲಿ. ಅವರು ಬಾಗಿಲು ಹಾಕಿ ಕೂತು ಹೇಳಿದರು. ಇಂಗ್ಲಿಷರು ಅವರ ದೇಶವನ್ನೂ ಆಳಿದವರು, ನಮಗಿಂತಲೂ ಬಹಳ ಹಿಂದಿನಿಂದ. ಅವರ ಅಜ್ಜನ ತಮ್ಮನನ್ನು ಸ್ವಾತಂತ್ರ್ಯದ ಹೋರಾಟದಲ್ಲಿ ಅದೇ ಇಂಗ್ಲಿಷ್ ಸೈನಿಕರು ಗುಂಡಿಟ್ಟು ಕೊಂದರು. ಊರ ನಡುವಿನ ಕಲ್ಲಿನಲ್ಲಿ ಆತನದ್ದೇ ಮೊದಲ ಹೆಸರು. ವರ್ಷವೂ ಈಸ್ಟರ್ ಹಬ್ಬಕ್ಕೆ ಊರವರೆಲ್ಲ ಕಲ್ಲಿನ ಸುತ್ತ ಸೇರುತ್ತಾರೆ, ಹೂವಿನ ಚಕ್ರ ಇಡುವುದು ಮಾಮನ ಅಣ್ಣ.

“ಅಂಥ ಮನೆಯಿಂದ ನಾನು ಹೋಗಿ ಆ ಸೈನ್ಯವನ್ನೇ ಸೇರಿದೆ” ಎಂದರು. “ಊರಲ್ಲಿ ಕೆಲಸ ಇರಲಿಲ್ಲ. ಇಂಜಿನ್ ಅಂದರೆ ಹುಚ್ಚು. ಅವರು ಕಲಿಸುತ್ತೇವೆ ಎಂದರು, ಹೋದೆ. ಆಗ ನಮ್ಮ ದ್ವೀಪದ ಉತ್ತರದಲ್ಲಿ, ಇಂಗ್ಲಿಷರು ಬಿಟ್ಟುಕೊಡದ ಭಾಗದಲ್ಲಿ, ಆ ಸೈನಿಕರು ಬಂದೂಕು ಹಿಡಿದು ಬೀದಿಯಲ್ಲಿ ನಿಂತಿದ್ದ ಕಾಲ. ನಾನು ಸೇರಿದ್ದು ತಿಳಿದರೆ ಜೀವಕ್ಕೂ ಅಪಾಯವಿತ್ತು.”

“ನಿಮ್ಮನ್ನು ಅಲ್ಲಿಗೇ ಕಳಿಸಿದ್ದರೆ?”

“ಬಿಟ್ಟು ಓಡಿಬರುತ್ತಿದ್ದೆ ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ಓಡುತ್ತಿದ್ದೆನಾ? ಗೊತ್ತಿಲ್ಲ. ಪುಣ್ಯಕ್ಕೆ ಯಾರೂ ಕಳಿಸಲಿಲ್ಲ.”

ತಾಯಿಗೆ ಮಾತ್ರ ಗೊತ್ತಿತ್ತಂತೆ. ‘ಲಾರಿಗಳ ಜೊತೆ’ ಎಂಬ ಕಥೆ ಕಟ್ಟಿಕೊಟ್ಟವಳೂ ಆಕೆಯೇ. ರಜೆಗೆ ಹೋದಾಗ ಚೀಲದಲ್ಲಿ ಉಳಿದ ಸೈನ್ಯದ ಹಸಿರು ಶರ್ಟುಗಳನ್ನು ಒಗೆದು, ಹೊರಗಿನ ತಂತಿಗೆ ಹಾಕದೆ, ಅಡುಗೆಮನೆಯಲ್ಲಿ ಪರದೆ ಎಳೆದು, ಒಲೆಯ ಮುಂದೆ ಒಣಗಿಸುತ್ತಿದ್ದಳಂತೆ. ಅಣ್ಣ ಹೊಲದಿಂದ ಬರುವುದರೊಳಗೆ ಮಡಚಿ ಚೀಲಕ್ಕೆ.

ನಾನು ನಮ್ಮ ಮನೆಯ ವಿಷಯ ಹೇಳಿದೆ. ನನ್ನ ಅಜ್ಜನ ಅಪ್ಪ ಇಂಗ್ಲಿಷರ ಸೈನ್ಯದಲ್ಲಿ ಬಸ್ರಾಕ್ಕೆ ಬಂದವರು, ಇಲ್ಲೇ ಗಡಿಯ ಆಚೆ. ಅಮ್ಮನ ಕಡೆಯ ಅಜ್ಜ ಖಾದಿ ತೊಟ್ಟು ಅದೇ ಇಂಗ್ಲಿಷರ ಜೈಲಿಗೆ ಹೋದವರು. ಇಬ್ಬರ ಫೋಟೋವೂ ನಮ್ಮ ಮನೆಯ ಚಾವಡಿಯ ಗೋಡೆಯಲ್ಲಿ ಅಕ್ಕಪಕ್ಕ ಇವೆ. ಆಗಸ್ಟ್ ಹದಿನೈದಕ್ಕೆ ಒಂದೇ ಚೆಂಡು ಮಲ್ಲಿಗೆಯನ್ನು ಎರಡು ತುಂಡು ಮಾಡಿ ಇಬ್ಬರಿಗೂ ಹಾಕುತ್ತೇವೆ.

“ಒಂದೇ ಗೋಡೆಯಲ್ಲಾ?” ಮಾಮ ಚಹಾ ಕೆಳಗಿಟ್ಟರು. “ಜಗಳ ಆಗುವುದಿಲ್ಲವಾ?”

“ಯಾರಿಗೆ, ಫೋಟೋಗಳಿಗಾ?”

ಅವರು ನಗಲಿಲ್ಲ. ಒಂದೇ ಗೋಡೆ, ಒಂದೇ ಗೋಡೆ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತ ವರ್ಕ್‌ಶಾಪಿಗೆ ನಡೆದರು. ನನಗೆ ಆಗ ಅವರ ಮೇಲೆ ಸಿಟ್ಟು ಕೂಡ ಬಂತು. ಇಷ್ಟು ವರ್ಷ ಒಂದು ಗುಟ್ಟು ಹೊತ್ತು ತಿರುಗುವುದೆಂದರೆ ಎಂಥ ಹುಚ್ಚು, ಹೇಳಿ ಹಗುರಾಗಬಾರದೇ ಎಂದು.

ಹೇಳುವುದು ಅಷ್ಟು ಸುಲಭವಲ್ಲ ಎಂದು ತಿಳಿದದ್ದು ಫಿಂಟಾಸ್ ಎಂಬಲ್ಲಿನ ಅವರ ಫ್ಲ್ಯಾಟಿನಲ್ಲಿ. ಮಾರ್ಚ್‌ನಲ್ಲಿ ಅವರದ್ದೊಂದು ಹಬ್ಬ, ನನ್ನನ್ನೂ ನನ್ನ ಗಂಡನನ್ನೂ ಕರೆದಿದ್ದರು. ಸಮುದ್ರಕ್ಕೆ ಮುಖ ಮಾಡಿದ ಮನೆ. ಮಹಡಿಯ ಮೇಲೆ ಬಟ್ಟೆ ಒಣಗಿಸಲು ಬೇಕಾದಷ್ಟು ಜಾಗ, ಕುವೈತಿನ ಆ ಬಿಸಿಲು. ಆದರೆ ಇವರ ಶರ್ಟುಗಳು ಒಳಕೋಣೆಯಲ್ಲಿ, ಪರದೆ ಎಳೆದು, ಸ್ಟ್ಯಾಂಡಿನ ಮೇಲೆ. ಕೈತೊಳೆಯಲು ಹೋದ ನಾನು ನೋಡಿ, ಬಾಗಿಲನ್ನು ಮೊದಲಿನ ಹಾಗೇ ಎಳೆದು ಬಂದೆ. ಆಫೀಸಿಗೆ ಹಾಕಿಕೊಂಡು ಬರುವ ಸಾದಾ ಬಿಳಿ ಶರ್ಟುಗಳು ಅವು.

ಅಲ್ಲಿ ಅವರ ದೇಶದವರೇ ಇಬ್ಬರಿದ್ದರು, ಒಬ್ಬ ಎಂಜಿನಿಯರ್, ಒಬ್ಬಳು ಶಾಲೆಯ ಟೀಚರ್. ಮಾತು ಎಲ್ಲಿಂದಲೋ ಹೊರಟು ಆ ಸೈನ್ಯದ ವಿಷಯಕ್ಕೇ ಬಂತು. ಎಂಜಿನಿಯರ್ ಹೇಳಿದ, ತನ್ನ ಮುತ್ತಜ್ಜ ಹೊಟ್ಟೆಗಿಲ್ಲದೆ ಇಂಗ್ಲಿಷರ ಸೈನ್ಯ ಸೇರಿ ಮೊದಲ ಮಹಾಯುದ್ಧದಲ್ಲಿ ಸತ್ತ. ಊರಿನ ಯಾವ ಕಲ್ಲಿನಲ್ಲೂ ಅವನ ಹೆಸರಿಲ್ಲ, ಅವನ ಪದಕ ಬಿಸ್ಕತ್ತಿನ ಡಬ್ಬಿಯಲ್ಲಿ ಬಿದ್ದಿದೆ, ಇದು ನ್ಯಾಯವಾ? ಟೀಚರ್ ಬಿಡಲಿಲ್ಲ. “ಹೊಟ್ಟೆಗಿಲ್ಲದವರೆಲ್ಲ ಹೋದರಾ? ನನ್ನ ಅಜ್ಜಿಯ ಮನೆಗೆ ಬೆಂಕಿ ಇಟ್ಟವರ ಬಟ್ಟೆ ಅದು. ಆ ಬಟ್ಟೆ ತೊಟ್ಟವನನ್ನು ನಾನು ಒಳಗೆ ಕರೆಯಲಾರೆ, ಅವನು ನನ್ನ ತಮ್ಮನೇ ಆಗಿರಲಿ.” ಒಬ್ಬರದ್ದು ಕೇಳಿದಾಗ ಅವರದ್ದು ಸರಿ, ಇನ್ನೊಬ್ಬರದ್ದು ಕೇಳಿದಾಗ ಅವರದ್ದೂ ಸರಿ. ಹೋಟೆಲಿನಲ್ಲಿ ಕೆಲಸ ಮಾಡುವ ನನ್ನ ಗಂಡನಿಗೆ ಜಗಳ ಎಂದರೆ ಆಗದು; ನಾವು ತಂದಿದ್ದ ಗೋಳಿಬಜೆಯ ಪಾತ್ರೆ ನಡುವೆ ತಂದಿಟ್ಟು, “ಬಿಸಿ ಇದೆ, ಬಿಸಿ ಇದೆ” ಎನ್ನುತ್ತಿದ್ದರು. ಟೀಚರ್ ತಿರುಗಿ ಮಾಮನನ್ನು ಕೇಳಿದಳು, “ನೀನು ಏನು ಹೇಳ್ತೀ?” ಆಕೆಗೆ ಮಾಮನ ವಿಷಯ ಗೊತ್ತಿರಲಿಲ್ಲ. ಮಾಮ ಎದ್ದು ಕೆಟಲ್ ಹಿಡಿದು, “ಚಾ ಪರ್ಕನಾ?” ಎಂದರು.

ಕುವೈತಿನಲ್ಲಿ ಬದುಕುವ ನಮಗೆಲ್ಲ ಒಂದು ವಿಷಯ ಗೊತ್ತು, ಎಷ್ಟು ವರ್ಷ ದುಡಿದರೂ ಇಲ್ಲಿ ಯಾರೂ ಕಾಯಂ ಅಲ್ಲ. ಕೆಲಸ ಮುಗಿಯಿತೆಂದರೆ ಇಕಾಮಾ ಎಂಬ ವಾಸದ ಪರವಾನಗಿ ಮುಗಿಯಿತು, ಖಲಾಸ್, ಹೊರಡಬೇಕು. ಹಿಂದೆ ಎಲ್ಲೋ ಒಂದು ಬಾಗಿಲು ನಮಗಾಗಿ ತೆರೆದಿರಬೇಕು, ಇಲ್ಲದಿದ್ದರೆ ಮನುಷ್ಯ ಎಲ್ಲಿಗೆ ಹೋದಾನು? ಮಾಮನಿಗೂ ಅರವತ್ತಾಗುತ್ತ ಬಂತು. ಮದುವೆಯಾದವರಲ್ಲ. ತಾಯಿ ತೀರಿಕೊಂಡಿದ್ದರು. ಅಣ್ಣ ತನ್ನ ಹೊಲದ ಮೂಲೆಯಲ್ಲಿ ಜಾಗ ಬಿಟ್ಟುಕೊಟ್ಟು, ತಮ್ಮನಿಗೊಂದು ಮನೆಯನ್ನು ತಾನೇ ನಿಂತು ಕಟ್ಟಿಸುತ್ತಿದ್ದ. ಮಾಮ ದಿನವೂ ಅದರ ಫೋಟೋ ತೋರಿಸುತ್ತಿದ್ದರು. ಇವತ್ತು ಕಿಟಕಿ ಬಂತು, ಇವತ್ತು ಮಾಡು ಹೊದಿಸಿ ಆಯಿತು. ಒಂದು ದಿನ ಫೋನ್ ಜೇಬಿಗಿಟ್ಟು ಹೇಳಿದರು: “ಇಷ್ಟು ಮಾಡುತ್ತಿದ್ದಾನಲ್ಲ, ಲಾರಿಯವನಿಗೆ ಅಂತ ಮಾಡುತ್ತಿದ್ದಾನೆ. ಗೊತ್ತಾದರೆ ಆ ಮನೆಯಲ್ಲಿ ನಾನು ಹೇಗೆ ಕೂರಲಿ? ನನ್ನ ಅಡುಗೆಮನೆಯಿಂದ ಅವನ ಬಾಗಿಲು ಕಾಣುತ್ತದೆ.”

ಅವರು ಹೊರಡುವ ವರ್ಷ ಸಂಘದ ವಾರ್ಷಿಕೋತ್ಸವ ಕುವೈತಿನ ದಕ್ಷಿಣದ ವಫ್ರಾದ ಒಂದು ತೋಟದಲ್ಲಿ. ಮಾಮನಿಗೆ ಸನ್ಮಾನ ಎಂದು ಕಾರ್ಯದರ್ಶಿ ಸುಧಾಕರಣ್ಣ ಘೋಷಿಸಿದರು. ನಮ್ಮವರಿಗೆ ಪ್ರೀತಿ ಉಕ್ಕಿದರೆ ಸನ್ಮಾನವೇ. ಕುರ್ಚಿ, ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಆಮೇಲೆ ಹೊಗಳಿಕೆಯ ಪತ್ರವನ್ನು ಮೈಕಿನಲ್ಲಿ ಓದುವುದು. ಮಾಮ ಒಲ್ಲೆ ಎಂದರು. ನಾನೇ ಹಿಂದೆ ಬಿದ್ದು ಒಪ್ಪಿಸಿದೆ. ಒಪ್ಪಿದ ಮೇಲೆ ಮಗುವಿನ ಹಾಗೆ ಹಿಗ್ಗಿದರು. ಲೈವ್ ಹಾಕುತ್ತಾರೆಂದು ಕೇಳಿ, ಲಿಂಕನ್ನು ಅಣ್ಣನಿಗೆ ಅವರೇ ಕಳಿಸಿದರು. ಪೇಟ ನೋಡಿ ಮನೆಯವರೆಲ್ಲ ನಗಲಿ ಎಂದು!

ಹೊಗಳಿಕೆಗೆ ವಿವರ ಕೇಳಿದ ಸುಧಾಕರಣ್ಣನಿಗೆ ನಾನು ಜನರೇಟರ್, ಚಹಾ, ಒಳ್ಳೆಯತನ ಇಷ್ಟನ್ನೇ ಕೊಟ್ಟಿದ್ದೆ. ಹಳೆಯ ಲಾರಿ ಕೆಲಸ ಎಂದೂ ಸೇರಿಸಿದ್ದೆ. ಆ ದಿನ ತೋಟಕ್ಕೆ ಹೋಗಿ ನೋಡಿದರೆ ವೇದಿಕೆಯ ಮೇಜಿನ ಮೇಲೆ ಮೂರು ಪುಟ್ಟ ಬಾವುಟ, ನಮ್ಮದು, ಕುವೈತಿನದ್ದು, ಮೂರನೆಯದು ಇಂಗ್ಲಿಷರದ್ದು. ಲೈವ್ ನೋಡುವ ಅಣ್ಣನ ಕಣ್ಣಿಗೆ ಬಿದ್ದರೆ? ಯಾರಿಗೂ ಕಾಣದ ಹಾಗೆ ಅದನ್ನು ಎತ್ತಿ ವ್ಯಾನಿಟಿ ಬ್ಯಾಗಿಗೆ ತುರುಕಿದೆ. ದೊಡ್ಡ ಗಂಡಾಂತರ ತಪ್ಪಿಸಿದೆ ಎಂದು ಬೆನ್ನು ತಟ್ಟಿಕೊಂಡು ಮುಂದಿನ ಸಾಲಿನಲ್ಲಿ ಕೂತೆ.

ಮುಖ್ಯ ಅತಿಥಿ ನಮ್ಮ ಕಫೀಲ್. ಅವನು ಸುಧಾಕರಣ್ಣನಿಗೆ ಏನೇನು ಹೇಳಿದ್ದಾನೆ ಎಂಬ ಯೋಚನೆ ನನಗೆ ಬರಲೇ ಇಲ್ಲ.

ಪೇಟ ತೊಡಿಸಿದರು, ಶಾಲು ಹೊದಿಸಿದರು. ಸುಧಾಕರಣ್ಣ ಗಂಟಲು ಸರಿಮಾಡಿಕೊಂಡು ಶುರುಮಾಡಿದರು. “ಆಂಗ್ಲ ಸೇನೆಯ ವೀರ ಯೋಧನಾಗಿ ಈ ಮರಳಿನ ನೆಲಕ್ಕೆ ಕಾಲಿಟ್ಟು, ಕುವೈತ್ ಮಾತೆಯ ಕಣ್ಣೀರು ಒರೆಸಿದ ಧೀರರೇ...” ಚಪ್ಪಾಳೆಯೋ ಚಪ್ಪಾಳೆ. ಮಾಮ ಒಂದಕ್ಷರ ತಿಳಿಯದೆ ನಗುತ್ತ ಕೂತಿದ್ದರು. ಕನ್ನಡವಲ್ಲವೇ, ಅಣ್ಣನಿಗೂ ತಿಳಿಯದು, ಇಷ್ಟಕ್ಕೇ ಮುಗಿದರೆ ಸಾಕು ದೇವರೇ ಎಂದು ನಾನು ಸೆರಗು ಹಿಂಡುತ್ತಿದ್ದೆ. ಓದಿ ಮುಗಿಯಿತು. ಉಸಿರು ಬಿಟ್ಟೆ. ಆಗ ಸುಧಾಕರಣ್ಣ ಹಾಳೆ ತಿರುಗಿಸಿ, “ಈಗ ನಮ್ಮ ಅತಿಥಿಗಳಿಗಾಗಿ ಇಂಗ್ಲಿಷಿನಲ್ಲಿ” ಎಂದರು.

ನಾನು ಕೈ ಬೀಸಿದೆ. ಅವರು ನನಗೂ ಕೈ ಬೀಸಿದರು. ಇಂಗ್ಲಿಷಿನಲ್ಲಿ ಅದು ಇನ್ನೂ ಉದ್ದವಾಗಿತ್ತು. ಬ್ರಿಟಿಷ್ ಸೈನ್ಯದ ಹೆಸರು ಬಂದ ಕೂಡಲೇ ಕಫೀಲ್ ಎದ್ದು ನಿಂತ, ಅವನೊಂದಿಗೆ ಸಭೆಯೂ ಎದ್ದಿತು. ಮಾಮನ ನಗು ಹಾಗೇ ಇತ್ತು, ಆದರೆ ಅದರೊಳಗೆ ಮಾಮ ಇರಲಿಲ್ಲ. ಅವರ ಕಣ್ಣು ಲೈವ್ ಮಾಡುತ್ತಿದ್ದ ಫೋನಿನ ಮೇಲೆಯೇ ಇತ್ತು.

ಹಾರ ಬಿಚ್ಚಿಟ್ಟು, ಪೇಟ ತೆಗೆಯುವುದನ್ನು ಮರೆತು, ವೇದಿಕೆಯ ಹಿಂದೆ ಜನರೇಟರಿನ ಪಕ್ಕದ ಕಟ್ಟೆಯ ಮೇಲೆ ಹೋಗಿ ಕೂತರು. ನಾನು ಓಡಿದೆ. “ಮಾಮ, ಅವರು ನೋಡಿರಲಿಕ್ಕಿಲ್ಲ” ಎಂದೆ. ಫೋನ್ ತೋರಿಸಿದರು. ಅಣ್ಣನಿಂದ ಒಂದು ವಾಯ್ಸ್ ಮೆಸೇಜ್ ಬಂದು ಕೂತಿತ್ತು.

“ನೀನೇ ಹಾಕು.” ಎಂದರು.

ಜನರೇಟರಿನ ಸದ್ದಿನಲ್ಲಿ ಕೇಳುವುದಿಲ್ಲವೆಂದು ಇಬ್ಬರ ಕಿವಿಯ ನಡುವೆ ಹಿಡಿದು ಒತ್ತಿದೆ. ಅಣ್ಣನ ಇಂಗ್ಲಿಷ್ ಮಾಮನಿಗಿಂತ ಒರಟು. ನನಗೆ ತಿಳಿದಷ್ಟನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

“ಆಯ್ತಪ್ಪಾ, ಅಂತೂ ಹೊರಗೆ ಬಂತು. ನೀನು ಹೋದ ವರ್ಷವೇ ಅಮ್ಮ ನಿನ್ನ ಹಸಿರು ಶರ್ಟು ಒಲೆಯ ಮುಂದೆ ಹಿಡಿದದ್ದು ನಾನು ನೋಡಿದ್ದೇನೆ. ನನಗೆ ಕಣ್ಣಿಲ್ಲವಾ? ನೀನು ಹೇಳುತ್ತೀ ಅಂತ ಕಾದೆ, ಹೇಳಲಿಲ್ಲ. ಊರವರು ಕೇಳಿದಾಗೆಲ್ಲ ಲಾರಿ, ಲಾರಿ ಅಂತ ಹೇಳಿದ್ದು ನಾನು. ಒಬ್ಬ ಯಾವ ಕಂಪನಿ ಅಂದ, ಅದಕ್ಕೂ ಒಂದು ಹೆಸರು ಹುಟ್ಟಿಸಿದೆ. ಸಾಕಾಗಿ ಹೋಗಿತ್ತು ನನಗೆ. ಕೇಳು, ನೀನು ಮಾಡಿದ್ದು ನನಗೆ ಹಿಡಿಸಿಲ್ಲ. ಸಾಯುವ ತನಕ ಹಿಡಿಸುವುದೂ ಇಲ್ಲ. ಅದು ಬೇರೆ. ಬಣ್ಣದವನು ಬಂದು ನಿಂತಿದ್ದಾನೆ, ನಿನ್ನ ಮನೆಯ ಬಾಗಿಲಿಗೆ ಯಾವ ಬಣ್ಣ ಅಂತ ಬೇಗ ಹೇಳು. ಮತ್ತೆ, ಆ ತಲೆಯ ಮೇಲೆ ಇರುವುದು ಏನದು?”

ಮಾಮ ಕಿವಿ ಇನ್ನೂ ಹತ್ತಿರ ತಂದರು. “ಇನ್ನೊಂದು ಸಲ” ಎಂದರು. ಹಾಕಿದೆ. “ಬಣ್ಣದ್ದು ಮಾತ್ರ.” ಅದನ್ನೂ ಹಾಕಿದೆ. ಆಮೇಲೆ ಶಾಲಿನ ತುದಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತರು, ನಡುನಡುವೆ ನಕ್ಕರು. “ಅವನೂ ಸುಳ್ಳು ಹೇಳುತ್ತಿದ್ದನಂತೆ. ಅವನು! ಚರ್ಚಿನಲ್ಲಿ ನಿದ್ದೆ ಹೋಗಿಲ್ಲ ಅಂತ ಕೂಡ ಸುಳ್ಳು ಹೇಳದವನು. ನನಗೋಸ್ಕರ.” ನನಗೂ ಅಳು ಬಂತು. ಬರದೆ ಏನು ಮಾಡುತ್ತದೆ? ಬ್ಯಾಗಿನಲ್ಲಿ ಕರವಸ್ತ್ರ ಹುಡುಕಿದರೆ ಕೈಗೆ ಬಂದದ್ದು ಆ ಬಾವುಟ. ಇಬ್ಬರೂ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೂಗು ಒರೆಸಲು ಅದು ಬೇಡ, ಅಷ್ಟು ಮರ್ಯಾದೆ ಇರಲಿ ಎಂದು ಮಾಮ ವಾಪಸ್ ಬ್ಯಾಗಿಗೆ ಹಾಕಿಸಿದರು.

“ಬಾಗಿಲಿಗೆ ಯಾವ ಬಣ್ಣ ಹೇಳಲಿ?”

“ಕೆಂಪು ಹೇಳಿ ಮಾಮ. ನಿಮ್ಮ ಮುಖಕ್ಕೆ ಹೊಂದಬೇಕಲ್ಲ.”

ಅಷ್ಟರಲ್ಲಿ ಸುಧಾಕರಣ್ಣ ಬೆವರು ಒರೆಸುತ್ತ ಬಂದರು. “ಎಂತ ಮಾರಾಯ್ತಿ, ಸಾರ್ ಇಷ್ಟು ಭಾವುಕರಾದರಾ? ನಾನು ಬರೆದದ್ದು ಸ್ವಲ್ಪ ಜಾಸ್ತಿ ಆಯ್ತಾ?” ಬೈಯಲೆಂದು ಒಂದು ಗಂಟೆಯಿಂದ ಕೂಡಿಟ್ಟ ಬೈಗುಳವೆಲ್ಲ ನನ್ನ ಬಾಯಿಯವರೆಗೆ ಬಂದು ಕರಗಿತು. “ಜಾಸ್ತಿ ಎಂತದು, ಒಳ್ಳೇದಾಯ್ತು. ಊಟಕ್ಕೆ ಹಾಕಿಸಿ ಮಾರಾಯ್ರೆ, ಹಸಿವಾಗ್ತದೆ” ಎಂದೆ. ಆ ದಿನ ಮಾಮ ನೀರುದೋಸೆ ತಿಂದ ರೀತಿ ನೋಡಬೇಕಿತ್ತು.

ಹೊರಟುಹೋದ ಮೇಲೆ ಈಗ ಆಗಾಗ ವೀಡಿಯೋ ಕರೆ ಮಾಡುತ್ತಾರೆ. ಕೆಂಪು ಬಾಗಿಲು, ಹೊರಗೆ ತಂತಿಯ ಮೇಲೆ ಶರ್ಟುಗಳು, ಮೇಲೆ ಸಣ್ಣಗೆ ಮಳೆ. “ಎಂತ ಮಾಮ, ಮಳೆಗೆ ಒಣಗ್ತದಾ ಅದು?” ಎಂದರೆ, “ಒಣಗುವುದಿಲ್ಲ, ಆದರೂ ಅಲ್ಲೇ ಇರಲಿ” ಎನ್ನುತ್ತಾರೆ. ಈಸ್ಟರ್‌ಗೆ ಕಲ್ಲಿನ ಹತ್ತಿರ ಹೋದರಂತೆ. ವಿಷಯ ತಿಳಿದು ಊರಲ್ಲಿ ಒಬ್ಬಿಬ್ಬರು ಮುಖ ತಿರುಗಿಸಿದರಂತೆ, ಒಬ್ಬ ಮುದುಕ ಮಾತ್ರ ಹತ್ತಿರ ಬಂದು, ನನ್ನ ಅಪ್ಪನೂ ಆ ಸೈನ್ಯದಲ್ಲಿದ್ದ ಎಂದು ಕಿವಿಯಲ್ಲಿ ಹೇಳಿ ಹೋದನಂತೆ. ಅಣ್ಣ ಹೂವಿನ ಚಕ್ರ ಇಟ್ಟು ಹಿಂದೆ ತಿರುಗಿ, “ಅಲ್ಲಿ ಗೋಡೆಯ ಹತ್ತಿರ ಏನು ಮಾಡುತ್ತೀ, ಮುಂದೆ ಬಾ” ಎಂದನಂತೆ. ಇದನ್ನು ಹೇಳುವಾಗ ಮಾಮ ಫೋನನ್ನು ಬೇರೆ ಕಡೆ ತಿರುಗಿಸಿದ್ದರಿಂದ ನನಗೆ ಅವರ ಮನೆಯ ಮಾಡು ಮಾತ್ರ ಕಂಡಿತು.

ಕಳೆದ ವಾರ ಅಣ್ಣನ ಮನೆಯ ಮುಂದಿನ ಕೋಣೆ ತೋರಿಸಿದರು. ಗೋಡೆಯ ಮೇಲೆ ಕಲ್ಲಿನಲ್ಲಿ ಹೆಸರಿರುವ ಆ ಚಿಕ್ಕಜ್ಜನ ಹಳೆಯ ಫೋಟೋ. ಅದರ ಪಕ್ಕದಲ್ಲಿ, ಹೊಸ ಚೌಕಟ್ಟಿನಲ್ಲಿ, ವಾಲಿದ ಪೇಟ ತೊಟ್ಟು ಹಲ್ಲು ಬಿಟ್ಟು ಕೂತ ಮಾಮ.

“ಒಂದೇ ಗೋಡೆ ಮಾಮ!” ಎಂದು ನಾನು ಆಫೀಸು ಎಂಬುದನ್ನು ಮರೆತು ಕಿರುಚಿದೆ.

ಹಾಕಿದ್ದು ಅಣ್ಣನೇ ಅಂತೆ. ಸೈನ್ಯದ ಫೋಟೋ ಈ ಗೋಡೆಗೆ ಬರಕೂಡದು, ಇದಾದರೆ ಆಗಬಹುದು ಎಂದು ತಾನೇ ಮೊಳೆ ಹೊಡೆದನಂತೆ. ಬಂದವರೆಲ್ಲ ನಿಂತು ನೋಡುತ್ತಾರೆ. ಇದು ಯಾವ ಸೈನ್ಯದ ಟೋಪಿ ಎಂದು ಒಬ್ಬ ಕೇಳಿಯೇ ಬಿಟ್ಟನಂತೆ. ಅಣ್ಣ ಕೂತಲ್ಲಿಂದಲೇ ಹೇಳಿದನಂತೆ:

“ಅದು ಮಂಗಳೂರಿನವರದ್ದು. ಅವರ ಮೇಲೆ ನಮಗೇನೂ ತಕರಾರಿಲ್ಲ.”